ಮಾರಲು ಹೊರಟ ಕಾಲನಿ ಮನೆ

ನಲವತ್ತು ಮನೆಗಳನ್ನು ಒಂದೇ ಅಚ್ಚಿನಲ್ಲಿ ತೆಗೆದಿಟ್ಟಂಥ ಕಾಲನಿಯಲ್ಲಿದ್ದ ಮೇಲೆ ಇಂಥವು ಆಗದೇ ಇರುವುದಿಲ್ಲ. ಕಲಬುರಗಿಯ ನಮ್ಮ ಕಾಲನಿ ನನ್ನ ಮದುವೆಗೂ ಮುಂಚಿನದು: ಚಪ್ಪಟೆ ಮಾಳಿಗೆ, ಉದ್ದನೆಯ ಛಜ್ಜಾ, ಮುಂದೆ ಸಿಮೆಂಟ್ ಜಾಳಿಗೆಯ ವರಾಂಡ. ನನ್ನದು ಹಾರ್ಡ್‌ವೇರ್ ಅಂಗಡಿ. ಊರಿಗೆಲ್ಲ ಹೊಸ ಮನೆಯ ಸಾಮಾನು ಮಾರುವವನು ತಾನೇ ಹಳೆಯದರಲ್ಲಿದ್ದರೆ ಹೇಗೆ? ಎಂಬತ್ತರ ದಶಕದಲ್ಲೊಮ್ಮೆ, ಇದನ್ನು ಮಾರಿ ಶರಣಸಿರಸಗಿ ಕಡೆ ಹೊಸದು ಕಟ್ಟಿಸಲೇಬೇಕೆಂದು ಹಟ ಹಿಡಿದೆ.

"ಬ್ಯಾಸಿಗಿಯೊಳಗ ಇಂಥ ಗಾಳಿ ಎಲ್ಲಿ ಸಿಗತದ್ರಿ?" ಎಂದಳು ಹೆಂಡತಿ. ನಾನು ಕೇಳಲಿಲ್ಲ.

ಬಾಳೆಗೊನೆ

ಕಮಲಾಪುರದ ಬಾಳೆ ತೋಟದವರೊಬ್ಬರು ಮನೆ ಕೊಳ್ಳಲು ಅಂಗಡಿಗೆ ಬಂದರು. "ಮೂರನೇ ಸಾಲು, ಐದನೇ ಮನಿ. ನೋಡಿ ಬರ್ರಿ" ಅಂದೆ. ತಾಸಿನ ಮೇಲೆ ಮರಳಿದರು.

"ಮನಿ ಪಸಂದ ಆತ್ರಿ ಸಾವಕಾರ್ರ. ಚಾ ಸೈತ ಕೊಟ್ರು. ಒಂದು ಗೊನಿ ಕೆಂಪು ಬಾಳಿಹಣ್ಣು ಅಲ್ಲೇ ಇಟ್ಟು ಬಂದೀನಿ."

ಮನೆಗೆ ಹೋದರೆ, ಯಾರೂ ಬಂದಿಲ್ಲ ಎಂದಳು ಹೆಂಡತಿ. ಅಷ್ಟರಲ್ಲಿ ಹಿಂದಿನ ಸಾಲಿನ ಐದನೇ ಮನೆಯ ಮಾಸ್ತರರು ಬೆವರುತ್ತ ಬಂದರು.

"ಸಾವಕಾರ್ರ, ಯಾರೋ ಬಂದು ನಮ್ಮ ಮಲಗೋ ಖೋಲಿ ಗೇಣಿಲೆ ಅಳದು, ಬಾಳಿಗೊನಿ ಇಟ್ಟು ಹೋಗ್ಯಾರ. ನನಗ ವರ್ಗ ಆಗ್ಯದೇನ್ರಿ? ನನಗಷ್ಟೇ ಗೊತ್ತಿಲ್ಲೇನು?"

ಹಸಿರು ಬಾಗಿಲು

ಇನ್ನು ಯಾರೂ ತಪ್ಪಬಾರದೆಂದು ನಮ್ಮ ಬಾಗಿಲಿಗೆ ಗಿಳಿಹಸಿರು ಬಣ್ಣ ಬಳಿಸಿದೆ. ಅದು ಕಾಲನಿಗೇ ಹಿಡಿಸಿತು. ಒಬ್ಬೊಬ್ಬರೇ ಅಂಗಡಿಗೆ ಬಂದು, "ಅದೇ ಬಣ್ಣ ಕೊಡ್ರಿ" ಅಂದರು. ಬಂದ ಗಿರಾಕಿಗೆ ಇಲ್ಲ ಅನ್ನುವುದು ನನ್ನ ಬಾಯಿಗೆ ಬರುವುದಿಲ್ಲ. ಹದಿನೈದು ದಿನದಲ್ಲಿ ಸಾಲಿಗೆ ಸಾಲೇ ಹಸಿರು.

"ಈಗ ನಮ್ಮ ಮನಿ ಗುರ್ತು ಹೆಂಗ್ರಿ?" ಎಂದಳು ಹೆಂಡತಿ.

"ಡಬ್ಬಿ ಎಲ್ಲಾ ಖರ್ಚಾದ್ವು" ಅಂದೆ.

ಹೊಸ ಮನೆ

ಶರಣಸಿರಸಗಿಯಲ್ಲಿ ಗೋಡೆ ಎದ್ದವು. ಅಂಗಡಿ ಬಿಟ್ಟು ಏಳುವವನಲ್ಲ ನಾನು, ಉಸ್ತುವಾರಿ ಹೆಂಡತಿಯದು. ಕೆಲಸ ಮುಗಿಯುವ ಹೊತ್ತಿಗೆ ಕಮಲಾಪುರದವರನ್ನೂ ಕರೆದುಕೊಂಡು ನೋಡಲು ಹೋದೆ. "ಹೊಸ ಕಾಲದ ಮನಿ ಹೆಂಗಿರತದ ನೋಡ್ರಿ" ಎನ್ನುತ್ತ ಒಳಗೆ ಕಾಲಿಟ್ಟು, ತಿರುಗಿ ನೋಡದೆ ಬಲಕ್ಕೆ ಕೈ ಚಾಚಿ ಟೊಪ್ಪಿಗೆ ತೂಗುಹಾಕಿದೆ.

ಹಳೇ ಮನೆಯಲ್ಲಿದ್ದ ಜಾಗದಲ್ಲೇ ಗೂಟ ಇತ್ತು! ಛಜ್ಜಾ, ಜಾಳಿಗೆ, ಒಲೆಕಟ್ಟೆ, ಎಲ್ಲಾ ಅಲ್ಲಲ್ಲೇ.

"ಇದೇನಪಾ ಇದು?" ಎಂದು ಗೌಂಡಿಯನ್ನು ಕೇಳಿದೆ.

"ಅಕ್ಕಾರು ಹಳೇ ಮನಿ ದಾರದಿಂದ ಅಳದು, ಗಂಟು ಹಾಕಿ ಕೊಟ್ಟಿದ್ರು. ಒಂದು ಗಂಟೂ ತಪ್ಪಿಸಿಲ್ರಿ."

ಕಮಲಾಪುರದವರು ಒಂದು ಸುತ್ತು ಹಾಕಿ ಬಂದರು. "ಎರಡೂ ಒಂದೇ ಅವ. ಹಂಗಾದ್ರ ನನಗ ಹೊಸದೇ ಕೊಡ್ರಿ ಸಾವಕಾರ್ರ."

ಅಸಲೇ ಬೇಡವೆಂದವನು ನಕಲು ಇಟ್ಟುಕೊಂಡು ಏನು ಮಾಡಲಿ? ಕೊಟ್ಟುಬಿಟ್ಟೆ.

ತಲೆ ಕೆಟ್ಟು ಕಾಲನಿಗೆ ಬಂದೆ. ಹಸಿರು ಬಾಗಿಲ ಮುಂದೆ ಚಪ್ಪಲಿ ಬಿಟ್ಟು, ವರಾಂಡದಲ್ಲಿ ಕುಳಿತು ಒಳಗೆ ಕೂಗಿದೆ: "ನೀನೇ ಗೆದ್ದಿ. ಸಾಯೋ ತನಕಾ ಈ ಮನಿ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ. ನೀರು ತಾ!"

ನೀರು ಬಂತು. ತಂದವರು ಮಾಸ್ತರರು.

"ಇರ್ರಿ ಸಾವಕಾರ್ರ, ಬ್ಯಾಡಂದವರು ಯಾರು? ಆದ್ರ ನಾವು ಎಲ್ಲಿಗೆ ಹೋಗೋಣು?"