ಅತ್ತೆಯ ಅಳತೆಯ ಗಾಡಿ

ಲೆಕ್ಕದ ಮೇಷ್ಟ್ರಿಗೆ ಜೀವಮಾನವೆಲ್ಲ ಒಂದೇ ಕೊರಗು: ಮನೆಯಲ್ಲಿ ತಮ್ಮ ಲೆಕ್ಕಾಚಾರಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಶಾಲೆಯಲ್ಲಿ ಅವರು ಬೋರ್ಡಿನ ಮೇಲೆ ಗೀಚಿದ್ದನ್ನೆಲ್ಲ ಮಕ್ಕಳು ಉಸಿರು ಬಿಗಿಹಿಡಿದು ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಮೊಳೆ ಹೊಡೆಯಲು ಸುತ್ತಿಗೆ ಎತ್ತಿದರೆ ಸಾಕು, ಹೆಂಡತಿ ಬಂದು ಗೋಡೆಗೆ ಅಡ್ಡ ನಿಲ್ಲುತ್ತಾಳೆ. ಹಾಗಾಗಿ ಈ ಸಲ ಅವರು ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ. ಊಟಕ್ಕೆ ಕೂತಾಗ ನೇರವಾಗಿ ಘೋಷಿಸಿಬಿಟ್ಟರು, ಭಾನುವಾರ ಅತ್ತೆಯನ್ನು ಅವರ ಅಕ್ಕನ ಮನೆಗೆ ತಾವೇ ಕರೆದುಕೊಂಡು ಹೋಗುವುದಾಗಿ.

ಅತ್ತೆ ಎಂದರೆ ಹೆಂಡತಿಯ ತಾಯಿ (ಮತ್ತು ಆ ಮನೆಯ ಕಾಯಂ ಹೆಡ್‌ಮಿಸ್ಟ್ರೆಸ್). ಸೊಂಟ ಮುರಿದು ವೀಲ್‌ಚೇರು ಹಿಡಿದ ಮೇಲೆ ಅವರು ಹೊಸ್ತಿಲು ದಾಟಿರಲಿಲ್ಲ. ಊರಿನ ಆ ತುದಿಯಲ್ಲಿದ್ದ ಅವರ ಅಕ್ಕನಿಗೆ ಮಂಡಿ ಕೈಕೊಟ್ಟಿತ್ತು. ಅಕ್ಕತಂಗಿಯರು ಫೋನಿನಲ್ಲೇ ಜಗಳವಾಡಿ ಫೋನಿನಲ್ಲೇ ರಾಜಿಯಾಗುತ್ತಿದ್ದರು. ಈಗ ಆ ಅಕ್ಕ ಮನೆ ಖಾಲಿಮಾಡಿ ದೂರದ ಊರಿನಲ್ಲಿರುವ ಮಗಳ ಹತ್ತಿರ ಹೊರಟಿದ್ದರು. ಸೋಮವಾರವೇ ಪ್ರಯಾಣ.

"ಎದುರಿಗೆ ಕೂತು ಒಂದ್ಸಲ ಅವಳನ್ನ ಬೈದು ಬಂದ್ಬಿಟ್ರೆ ಸಾಕಿತ್ತು," ಅಂದಿದ್ದರು ಅತ್ತೆ, ಮುಖ ಗೋಡೆಯ ಕಡೆ ತಿರುಗಿಸಿಕೊಂಡು. ಬಾಡಿಗೆ ಗಾಡಿಯವರು ಇಬ್ಬರು ಹಿಡಿದು ಎತ್ತಿ ಕೂರಿಸುತ್ತೇವೆ ಅಂದರೆ ಅದಕ್ಕೂ ಒಪ್ಪುವವರಲ್ಲ. ಕಂಡಕಂಡವರ ಕೈಯಲ್ಲಿ ಎತ್ತಿಸಿಕೊಳ್ಳಲು ತಾನೇನು ಮೂಟೆಯೇ ಎಂಬುದು ಅವರ ಪ್ರಶ್ನೆ. ಆದರೆ ಗೋಡೆಯ ಕಡೆ ತಿರುಗಿದ ಆ ಮುಖ ಮೇಷ್ಟ್ರ ಕರುಳು ಹಿಂಡಿತ್ತು. ಇದನ್ನು ಅವರು ಯಾರಿಗೂ ಹೇಳಲಿಲ್ಲ, ಅಳಿಯನ ಗತ್ತಿಗೆ ಒಪ್ಪುವ ಮಾತಲ್ಲ ನೋಡಿ.

ಮೇಷ್ಟ್ರ ಹತ್ತಿರ ಒಂದು ಹಳೇ ವ್ಯಾನು ಇತ್ತು. ಆಸ್ಪತ್ರೆ ಸಾಮಾನಿನ ಅಂಗಡಿಯಿಂದ ಎತ್ತುವ ಯಂತ್ರವೊಂದು ಬಂತು. ಒಂದು ತೋಳು, ತೋಳಿನ ತುದಿಗೆ ಕೊಕ್ಕೆ, ಕೊಕ್ಕೆಗೆ ದಪ್ಪ ಬಟ್ಟೆಯ ಜೋಲಿ. ಜೋಲಿಯಲ್ಲಿ ಕೂತವರನ್ನು ಅದು ವೀಲ್‌ಚೇರಿನಿಂದ ಮೆಲ್ಲಗೆ ಎತ್ತಿ, ಬಾಗಿಲೊಳಗೆ ತೂರಿಸಿ, ಮುಂದಿನ ಸೀಟಿನ ಮೇಲೆ ಇಳಿಸುತ್ತದೆ. ಆದರೆ ವ್ಯಾನಿನ ಚಾವಣಿ ಡಬ್ಬದ ಮುಚ್ಚಳದಷ್ಟು ತೆಳು. ಯಂತ್ರವನ್ನು ಅದಕ್ಕೇ ನೇತುಹಾಕಿದರೆ ಅತ್ತೆ ಮೇಲೇಳುವುದಿಲ್ಲ, ಚಾವಣಿ ಕೆಳಗೆ ಬರುತ್ತದೆ. ಒಳಗಡೆ ಈ ಬದಿಯಿಂದ ಆ ಬದಿಗೆ ಕಬ್ಬಿಣದ ಅಡ್ಡತೊಲೆ ಕೂರಿಸಲೇಬೇಕು. ಅಂಗಡಿಯವರ ಆಳು ಬರುವುದು ಮುಂದಿನ ವಾರ. ಮುಂದಿನ ವಾರ ಅಕ್ಕನ ಮನೆಗೆ ಬೀಗ.

"ನಾನಿಲ್ವೇನೇ?" ಅಂದರು ಮೇಷ್ಟ್ರು.

"ಅದೇ ಭಯ," ಅಂದಳು ಹೆಂಡತಿ.

ಮೇಷ್ಟ್ರು ಕಿವಿಗೆ ಹಾಕಿಕೊಳ್ಳಲಿಲ್ಲ. ಟೇಪು ಹಿಡಿದು ಅತ್ತೆಯ ಕೋಣೆಗೆ ನುಗ್ಗಿ ಅವರ ಕೂತ ಎತ್ತರ, ಮಂಡಿಯ ಉದ್ದ, ಮೊಣಕೈಯ ಅಗಲ, ಎಲ್ಲವನ್ನೂ ಅಳೆದರು. ಸೀರೆ ಅಂಗಡಿಯಲ್ಲೂ ತನ್ನನ್ನು ಯಾರೂ ಇಷ್ಟು ವಿಚಾರಿಸಿಕೊಂಡಿಲ್ಲ ಎಂದು ಅತ್ತೆಗೆ ಒಳಗೊಳಗೇ ಖುಷಿ. ಆದರೂ ಬಿಗುಮಾನ ಬಿಡದೆ ತುರುಬು ಸೇರಿಸಿ ಅಳೆಯಬೇಕೆಂದು ಅಪ್ಪಣೆ ಮಾಡಿದರು. ಮೇಷ್ಟ್ರು ತುರುಬನ್ನೂ ಸೇರಿಸಿ, ಅದರ ಮೇಲೆ ನಾಲ್ಕು ಬೆರಳು ಗಾಳಿಯಾಡಲೆಂದು ಬಿಟ್ಟರು.

ಶೆಡ್ಡಿನಲ್ಲಿ ವೆಲ್ಡಿಂಗ್‌ನವನು ತೆಳುವಾದ ಎರಡು ತೊಲೆ ತೋರಿಸಿದ. ಮೇಷ್ಟ್ರು ಅವನ್ನು ಬೆರಳಲ್ಲಿ ತಟ್ಟಿ ನೋಡಿ, ಇವು ಬಟ್ಟೆ ಒಣಗಹಾಕಲು ಸರಿ, ನಮ್ಮತ್ತೆಗಲ್ಲ ಅಂದರು. ಮನೆಯ ತಾರಸಿಗೇ ಹಾಕಬಹುದಾದಂಥ ದಪ್ಪ ಚೌಕ ಪೈಪು ಬಂತು. ಒಂದನ್ನು ಮುಂದಿನ ಸೀಟುಗಳ ಹಿಂದೆ, ಇನ್ನೊಂದನ್ನು ಅತ್ತೆಯ ಅಳತೆಗೆ ಸರಿಯಾಗಿ ಸೀಟುಗಳ ನೆತ್ತಿಯ ಮೇಲೇ ಕೂರಿಸಿದ್ದಾಯಿತು. ಬೋಲ್ಟು ಬಿಗಿದ ಮೇಲೂ ಸಮಾಧಾನವಾಗದೆ ಮೂಲೆಮೂಲೆಗೂ ಬೆಸುಗೆ ಹಾಕಿಸಿದರು. ಹಿಂದಿನ ಸೀಟುಗಳನ್ನೆಲ್ಲ ಕಿತ್ತು, ಆ ಜಾಗದಲ್ಲಿ ಖಾಲಿ ವೀಲ್‌ಚೇರು ಅಲುಗದಂತೆ ನೆಲಕ್ಕೆ ಕೊಕ್ಕೆ ಹಾಕಿಸಿದರು. ಕೊನೆಗೆ ಅತ್ತೆಯ ಎರಡರಷ್ಟು ತೂಕದ ಮರಳಿನ ಚೀಲ ನೇತುಹಾಕಿದಾಗ ವ್ಯಾನು ನರಳಿತೇ ಹೊರತು ತೊಲೆ ಜಗ್ಗಲಿಲ್ಲ. ಗಾಡಿಯನ್ನು ಮನೆಗೆ ತಂದು ನಿಲ್ಲಿಸಲು ವೆಲ್ಡಿಂಗ್‌ನವನಿಗೇ ಹೇಳಿ, ಮೇಷ್ಟ್ರು ಎದೆಯುಬ್ಬಿಸಿಕೊಂಡು ನಡೆದೇ ಮನೆಗೆ ಬಂದರು.

ಭಾನುವಾರ ಬೆಳಿಗ್ಗೆ ಅತ್ತೆಯ ಆರೋಹಣ. ಅಕ್ಕಪಕ್ಕದ ಮನೆಯವರೆಲ್ಲ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದ್ದರು. ಹೆಂಡತಿ ಜೋಲಿಯ ಪಟ್ಟಿಗಳನ್ನು ಎಳೆದೆಳೆದು ನೋಡಿದಳು. ಮೇಷ್ಟ್ರು ಗುಂಡಿ ಒತ್ತಿದರು. ಅತ್ತೆ ಕುರ್ಚಿ ಬಿಟ್ಟು ಮೇಲೆದ್ದರು, ಕಾಲು ಗಾಳಿಯಲ್ಲಿ ತೂಗಿತು, ಮೆಲ್ಲಗೆ ತಿರುಗಿ ಒಳಗೆ ಹೋಗಿ ಸೀಟಿನ ಮೇಲೆ ಹೂವಿನ ಹಾಗೆ ಇಳಿದರು. ತುರುಬಿನ ಮೇಲೆ ನಾಲ್ಕು ಬೆರಳು, ಚಾಚೂ ತಪ್ಪಿಲ್ಲ. ಯಾರ ಕೈಯೂ ಸೋಕಿರಲಿಲ್ಲ. ಅತ್ತೆ ಗಾಜಿನಾಚೆಯ ರಸ್ತೆಯನ್ನು ನೋಡುತ್ತ ಕೂತರು, ಕಣ್ಣು ತುಂಬಿಬಂತು.

"ಅಳಿಯಂದ್ರೇ, ಚೆನ್ನಾಗಿ ಮಾಡಿದೀರಿ," ಅಂದರು.

ಹೆಂಡತಿಯ ಕಿವಿಗೂ ಆ ಮಾತು ಬಿತ್ತೆಂದು ಖಾತ್ರಿಪಡಿಸಿಕೊಂಡು, ಮೇಷ್ಟ್ರು ಗಾಂಭೀರ್ಯದಿಂದ ಆ ಕಡೆ ಬಂದು, ಬಾಗಿಲು ತೆಗೆದು, ಡ್ರೈವರ್ ಸೀಟಿಗೆ ಹತ್ತಿದರು.

ಠಣ್ ಎಂದು ಸದ್ದಾಯಿತು. ಪಕ್ಕದ ಮನೆಯವರು ವ್ಯಾನಿನದೇ ಏನೋ ಮುರಿಯಿತೆಂದುಕೊಂಡರಂತೆ.

ಹಣೆ ಉಜ್ಜಿಕೊಂಡು ಮತ್ತೆ ಕೂತು ನೋಡಿದರು. ಅತ್ತೆಯ ನೆತ್ತಿಯ ಮೇಲಿದ್ದ ತೊಲೆ ಅಷ್ಟಕ್ಕೇ ನಿಲ್ಲದೆ ಮೇಷ್ಟ್ರ ಕಡೆಗೂ ಬಂದಿತ್ತು, ಬರಲೇಬೇಕಲ್ಲ. ಅತ್ತೆಯೋ ಅವರ ಎದೆಮಟ್ಟದ ಆಳು. ವೆಲ್ಡಿಂಗ್‌ನವನು ಇನ್ನೂ ಗಿಡ್ಡ, ಹಾಯಾಗಿ ಓಡಿಸಿಕೊಂಡು ಬಂದಿದ್ದ. ಮೇಷ್ಟ್ರು ಕತ್ತು ಬಗ್ಗಿಸಿ ಕೂತರೆ ರಸ್ತೆಯ ಬದಲು ಸ್ವಂತ ಮಂಡಿ ಕಾಣುತ್ತದೆ. ಓರೆಯಾಗಿ ಕೂತರೆ ತಲೆ ಅತ್ತೆಯ ಹೆಗಲ ಮೇಲೆ ಬರುತ್ತದೆ. ಸೀಟು ಹಿಂದಕ್ಕೆ ತಳ್ಳೋಣವೆಂದರೆ ಹಿಂದಿನ ತೊಲೆ ತಡೆಯುತ್ತದೆ. ತೊಲೆ ಬಿಚ್ಚೋಣವೆಂದರೆ ಮೂಲೆಮೂಲೆಗೂ ಬೆಸುಗೆ. ಹಾಗೊಂದು ವೇಳೆ ಕತ್ತರಿಸಿದರೂ ಆಮೇಲೆ ಅತ್ತೆಯನ್ನು ಇಳಿಸುವುದು ಯಾವುದರಿಂದ?

"ನನ್ನನ್ನ ಅಷ್ಟೆಲ್ಲ ಅಳೆದ್ರಲ್ಲ," ಅಂದರು ಅತ್ತೆ ಮೆಲ್ಲಗೆ. "ನಿಮ್ಮನ್ನ ಅಳೆದ್ಕೊಳ್ಳಲಿಲ್ವಾ?"

ಅತ್ತೆ ಮತ್ತೆ ರಸ್ತೆಯ ಕಡೆ ನೋಡತೊಡಗಿದರು, ಸೋಮವಾರದ ಮಾತನ್ನು ಎತ್ತಲೇ ಇಲ್ಲ. ಅದನ್ನು ನೋಡಿ ಮೇಷ್ಟ್ರು ಹಣೆಯ ನೋವು ಮರೆತು ಕೆಳಗಿಳಿದರು. ಅಷ್ಟರಲ್ಲಿ ಹೆಂಡತಿ ಕೈ ಚಾಚಿ ಕೀಲಿ ಕೇಳಿದಳು. ಅವಳ ಹತ್ತಿರ ಲೈಸೆನ್ಸ್ ಇತ್ತು, ಮೇಷ್ಟ್ರ ಹತ್ತಿರ ಕೀಲಿ ಇತ್ತು. ಮದುವೆಯಾದಾಗಿನಿಂದ ಎರಡೂ ಒಂದು ಕಡೆ ಸೇರಿರಲಿಲ್ಲ. ಅವಳು ಹತ್ತಿ ಕೂತಳು, ತೊಲೆಗೂ ಅವಳ ತಲೆಗೂ ನಡುವೆ ಬೇಕಾದಷ್ಟು ಜಾಗ.

"ನಾನೆಲ್ಲಿ ಕೂರಲಿ?" ಅಂದರು ಮೇಷ್ಟ್ರು.

ಹಿಂದೆ ಇದ್ದದ್ದು ಒಂದೇ ಆಸನ, ಅತ್ತೆಯ ವೀಲ್‌ಚೇರು. ಅದರಲ್ಲಿ ಅವರನ್ನು ಕೂರಿಸಿ, ತಿರುವಿನಲ್ಲಿ ಉರುಳದಂತೆ ಎದೆಗೆ ಪಟ್ಟಿ ಬಿಗಿದಳು. (ಪಟ್ಟಿಯ ಬಕಲ್ ಬೆನ್ನ ಹಿಂದಿತ್ತು. ಕೂತವರ ಕೈಗೆ ಎಟುಕಬಾರದೆಂದು ಹಾಗೆ ಇಡಿಸಿದವರು ಮೇಷ್ಟ್ರೇ.) ದಾರಿಯುದ್ದಕ್ಕೂ ಅವರು ಹಿಂದಿನಿಂದ ಗೇರು, ಬ್ರೇಕು, ಇಂಡಿಕೇಟರು ಎಂದು ಪಾಠ ಮಾಡಿದರು. ಮುಂದಿನವರಿಬ್ಬರೂ ಕಿಟಕಿ ಇಳಿಸಿ ಗಾಳಿಯ ಸದ್ದು ಜೋರು ಮಾಡಿಕೊಂಡರು. ಗಾಡಿಯೇನೋ ನೀರು ಹರಿದ ಹಾಗೆ ಹೋಯಿತು, ಅದನ್ನು ಮಾತ್ರ ಮೇಷ್ಟ್ರು ಈವತ್ತಿಗೂ ಒಪ್ಪುವುದಿಲ್ಲ.

ಗೇಟಿನಲ್ಲೇ ಅಕ್ಕ ಕೋಲೂರಿಕೊಂಡು ಕಾದಿದ್ದರು. ಕಿಟಕಿಯಲ್ಲಿ ತಂಗಿಯ ಕೈ ಹಿಡಿದವರು ಬಿಡಲೇ ಇಲ್ಲ. ಎಷ್ಟು ಸೊರಗಿದೀಯೇ ಎಂದು ಅವರು, ನೀನೇನು ಉಬ್ಬಿದೀಯಾ ಎಂದು ಇವರು. ಬೈಗುಳ ಸಾಂಗವಾಗಿ ನಡೆದು, ಇಬ್ಬರೂ ಅತ್ತು, ಮೂಗು ಒರೆಸಿಕೊಂಡರು. ಅಷ್ಟು ಹೊತ್ತಿಗೆ ಆ ಮನೆಯ ಗಂಡಸರು ಹಿಂದಿನ ಬಾಗಿಲು ತೆಗೆದು, ಹಲಗೆ ಹಾಕಿ, ವೀಲ್‌ಚೇರನ್ನು ಮೇಷ್ಟ್ರ ಸಮೇತ ಬಹಳ ಜೋಪಾನವಾಗಿ ಕೆಳಗಿಳಿಸಿದರು. ಅಕ್ಕ ನೋಡಿ ದಂಗಾದರು.

"ಅಯ್ಯೋ ಶಿವನೇ, ಇವರಿಗೆ ಯಾವಾಗಿಂದ ಹೀಗೆ? ಫೋನಲ್ಲಿ ಒಂದು ಮಾತೂ ಹೇಳ್ಲಿಲ್ಲವಲ್ಲೇ."

"ಇವತ್ತು ಬೆಳಿಗ್ಗೆಯಿಂದ ಅಕ್ಕ," ಅಂದರು ಅತ್ತೆ, ಸೀಟಿನಿಂದಲೇ. "ತಲೆಗೆ ಪೆಟ್ಟು."

"ಹಾಗಲ್ಲ, ನಾನು ತೊಲೆಯ ಲೆಕ್ಕದಲ್ಲಿ..." ಎಂದು ಮೇಷ್ಟ್ರು ಶುರುಮಾಡಿದರು. ಅಕ್ಕ ಅವರ ಕೆನ್ನೆ ಸವರಿ, ಮಾತಾಡಿ ಆಯಾಸ ಮಾಡಿಕೊಳ್ಳಬೇಡಿ ಎಂದರು. ಆಮೇಲೆ ಕೀಲಿ ಬೆರಳಲ್ಲಿ ತಿರುಗಿಸುತ್ತ ನಿಂತಿದ್ದ ಅವರ ಹೆಂಡತಿಯ ಕಡೆ ತಿರುಗಿದರು.

"ಎಂಥ ಗಟ್ಟಿಗಿತ್ತಿ ಕಣೇ ನೀನು. ಇಬ್ಬರನ್ನೂ ಒಬ್ಬಳೇ ಹೇಗೆ ಸಂಭಾಳಿಸ್ತೀಯಾ?"

"ಅಮ್ಮಂದೇನೂ ಕಷ್ಟ ಇಲ್ಲ ದೊಡ್ಡಮ್ಮ," ಅಂದಳು ಅವಳು.