ಕುರಿ ಮಲಗಿದ ಜಾಗ

ಬಂಗಾರ ಕದ್ದವನಿಗೆ ಪೊಲೀಸ್ ಠಾಣೆಯಲ್ಲಾದರೂ ಒಂದಿಷ್ಟು ಗೌರವ ಸಿಗುತ್ತದೆ. ಜೋಳ ಕದ್ದವನನ್ನು ಪಾಪ ಹಸಿದಿದ್ದನೇನೋ ಎಂದು ಜನ ಕ್ಷಮಿಸುತ್ತಾರೆ. ನಾನು ಕದ್ದದ್ದು ಕುರಿ ಹಿಕ್ಕೆ. ಅದೂ ಒಡಹುಟ್ಟಿದ ಅಣ್ಣನ ಹೊಲಕ್ಕೆ ಬೀಳಬೇಕಾಗಿದ್ದದ್ದು. ಇದನ್ನು ಯಾರ ಮುಂದೆ ಹೇಳಿಕೊಳ್ಳಲಿ? ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಇನ್ನೂ ನಾಲ್ಕು ಕ್ಲಾಸು ಓದಿದ್ದರೆ ಕದಿಯಲು ಸ್ವಲ್ಪ ಮರ್ಯಾದಸ್ಥ ವಸ್ತುವನ್ನು ಆರಿಸಿಕೊಳ್ಳುತ್ತಿದ್ದೆನೇನೋ.

ನಮ್ಮ ಹೊಸಹಳ್ಳಿ ಕಡೆ ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಕುರಿಗಾರರು ಮಂದೆ ಹೊಡೆದುಕೊಂಡು ಬರುತ್ತಾರೆ. ಹಗಲು ಕುರಿಗಳು ಕಂಡಲ್ಲಿ ಮೇಯುತ್ತವೆ, ರಾತ್ರಿ ನಾವು ತೋರಿಸಿದ ಹೊಲದಲ್ಲಿ, ಗೂಟ ನೆಟ್ಟು ಸುತ್ತ ಕಟ್ಟಿದ ಬಲೆಯೊಳಗೆ ಮಲಗುತ್ತವೆ. ಅವು ಅಲ್ಲಿ ಬಿಟ್ಟುಹೋಗುವ ಹಿಕ್ಕೆ, ಗಂಜಲಕ್ಕಾಗಿ ನಾವು ಕುರಿಗಾರನಿಗೆ ಜೋಳ ಅಳೆಯುತ್ತೇವೆ. ನಿದ್ದೆ ಮಾಡಿ ಸಂಬಳ ಪಡೆಯುವ ಜೀವಿಗಳನ್ನು ನಾನು ಮೊದಲು ಕಂಡದ್ದು ಹೊಲದಲ್ಲಿ. ತಾಲ್ಲೂಕು ಕಚೇರಿ ನೋಡಿದ್ದು ಆಮೇಲೆ. ಆಗಿನ್ನೂ ಸೊಸೈಟಿಗೆ ಚೀಲದ ಗೊಬ್ಬರ ಬಂದ ಹೊಸತು. ಅಣ್ಣ ಕೊಟ್ರಪ್ಪ ಅದನ್ನು ಅಂಗೈಯಲ್ಲಿ ಹಿಡಿದು ನೋಡಿ, ಇದು ಉಪ್ಪಿನ ಹಂಗೈತಿ, ಉಂಡ್ರ ಭೂಮಿಗೆ ಬಾಯಾರಿಕಿ ಆಗ್ತತಿ ಎಂದು ವಾಪಸು ಸುರಿದು ಬಂದಿದ್ದ.

ಅಪ್ಪನ ಹೊಲ ಪಾಲಾದಾಗ ಅಣ್ಣ ತಾನಾಗಿಯೇ ಮೇಲಿನ ಕಲ್ಲು ಮೊರಡಿ ಇಟ್ಟುಕೊಂಡು, ಕೆಳಗಿನ ಕಪ್ಪು ನೆಲವನ್ನು ನನಗೆ ಬಿಟ್ಟಿದ್ದ. ನೀ ಸಣ್ಣಾವ ಅಂದಿದ್ದ, ಅಷ್ಟೇ. ಆ ಮೊರಡಿಯಲ್ಲಿ ಏನಾದರೂ ಬೆಳೆಯಬೇಕಾದರೆ ಕುರಿಗಳೇ ಗತಿ. ಆ ಬೇಸಿಗೆಯಲ್ಲಿ ಅವನ ಕಾಲಿಗೆ ಜಾಲಿ ಮುಳ್ಳು ಚುಚ್ಚಿ, ಕೀವಾಗಿ, ಹಾಸಿಗೆ ಹಿಡಿದಿದ್ದ. ಉಣ್ಣುವ ಜೋಳದಲ್ಲೇ ಒಂದು ಪಾಲು ಕುರಿಗಾರನಿಗೆಂದು ತೆಗೆದಿಟ್ಟು, ಮಂದೆಯ ಉಸ್ತುವಾರಿ ನನಗೆ ಒಪ್ಪಿಸಿದ.

ಮೊದಲ ಒಂದೆರಡು ದಿನ ನಾನು ಪ್ರಾಮಾಣಿಕನಾಗಿಯೇ ಇದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಅಣ್ಣನ ಕೆಂಪು ನೆಲದ ತುಂಬ ಕರೀ ಮುತ್ತು ಚೆಲ್ಲಿದಂತೆ ಹಿಕ್ಕೆ. ಅಣ್ಣನಿಗೆ ಟ್ರಾನ್ಸಿಸ್ಟರ್ ಬಂದಾಗಲೂ ನನಗೆ ಅಷ್ಟು ಹೊಟ್ಟೆಕಿಚ್ಚು ಆಗಿರಲಿಲ್ಲ. ಸಂಜೆ ಕುರಿಗಾರ ಬೀರಪ್ಪನಿಗೆ, ಮೇಲೆ ಗಾಳಿ ಜಾಸ್ತಿ, ಮರಿಗಳಿಗೆ ಥಂಡಿ ಆದೀತು, ಬಲೆಯನ್ನು ಕೆಳಗೆ ಹಾಕು ಎಂದೆ.

"ಕೆಳಗಿನ ಹೊಲ ನಿಮ್ದಲ್ಲೇನ್ರಿ?" ಅಂದ.

"ನಾವು ಒಂದ ತಾಯಿ ಮಕ್ಕಳಪಾ. ನಡುವಿನ ಒಡ್ಡು ಹಾಕಿದ್ದು ಸರಕಾರ, ನಾವಲ್ಲ."

ಬೀರಪ್ಪ ಒಡ್ಡನ್ನೂ ನನ್ನನ್ನೂ ಒಮ್ಮೆ ನೋಡಿ ಗೂಟ ಕಿತ್ತ. ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳಬಾರದೆಂದು ಬೇವಿನ ಮರಗಳ ಮರೆಯ ಮೂಲೆಯನ್ನೇ ತೋರಿಸಿದೆ. ಉಳಿದ ದಿನವೆಲ್ಲ ಮಂದೆ ಅದೊಂದೇ ಮೂಲೆಯಲ್ಲಿ ಮಲಗಿತು. ಆಮೇಲೆ ಯಾರಿಗೂ ಕಾಣದಂತೆ ಉತ್ತೂ ಬಿಟ್ಟೆ. ಕುಂಟುತ್ತ ಬಂದ ಅಣ್ಣ ತನ್ನ ಹೊಲ ನೋಡಿ, ಈ ವರ್ಷ ಕುರಿಗೂ ಮೇವು ಸಾಲದು ಪಾಪ, ಅವಾದ್ರೂ ಎಲ್ಲಿಂದ ಹಾಕ್ಯಾವು ಎಂದು ಬೀರಪ್ಪನಿಗೆ ಜೋಳವನ್ನು ಪೂರ್ತಿ ಅಳೆದುಕೊಟ್ಟ. ಬೀರಪ್ಪ ನೆಲ ನೋಡುತ್ತ ಇಸಿದುಕೊಂಡ. ನಾನು ಆಕಾಶ ನೋಡುತ್ತಿದ್ದೆ.

ಮೊದಲ ಮಳೆಗೆ ಆ ಮೂಲೆಯ ಜೋಳ ಎದೆಯುದ್ದ ಎದ್ದು ನಿಂತಿತು. ಜನ ನಿಂತು ನೋಡಿದರು. ನಾನು ಬೀಜದ ಗುಣ ಎಂದೆ. ಮುಂದೆ ಮಳೆ ಸ್ವಲ್ಪ ತಡವಾಯಿತು, ಅಷ್ಟೇ. ಅಣ್ಣನ ಬಡಕಲು ಪೈರು ಹೇಗೋ ತಡೆದುಕೊಂಡು ತೆನೆ ಬಿಟ್ಟಿತು. ನನ್ನದು ಒಂದೇ ಕಡೆ ರಾಶಿ ಬಿದ್ದ ಗೊಬ್ಬರದ ಕಾವಿಗೆ ಬುಡದಿಂದಲೇ ಸುಟ್ಟುಹೋಯಿತು. ಅಣ್ಣ ಒಡ್ಡು ದಾಟಿ ಬಂದು, ಹಿಡಿ ಮಣ್ಣು ತೆಗೆದು ಮೂಸಿದ. ಅವನು ಮಣ್ಣು ಬಿಟ್ಟು ಕೈ ಒರೆಸಿಕೊಂಡ. ಸುಗ್ಗಿಯಾದ ಮೇಲೆ ನಮ್ಮ ಮನೆಗೆ ಒಂದು ಚೀಲ ಜೋಳ ಕಳಿಸಿದ. ಆ ರೊಟ್ಟಿ ನನ್ನ ಗಂಟಲಲ್ಲಿ ಇಳಿಯುವಷ್ಟರಲ್ಲಿ ಒಂದು ತಂಬಿಗೆ ನೀರು ಖರ್ಚಾಗುತ್ತಿತ್ತು.

ಮರುವರ್ಷ ಬೀರಪ್ಪ ಬಂದಾಗ ಅಣ್ಣ ನನ್ನನ್ನು ಕರೆದು, "ನಿನ್ನ ಹೊಲ ಸೊರಗೈತಿ ತಮ್ಮಾ. ಈ ಸಲ ಜೋಳ ನಾ ಕೊಡ್ತೀನಿ, ಕುರಿ ನಿನ್ನ ಹೊಲದಾಗ ನಿಲ್ಲಲಿ" ಅಂದ. ನಾನು ಬೇಡ ಅನ್ನಬೇಕಿತ್ತು. ಬೇಡ ಎಂದರೆ ಯಾಕೆ ಅನ್ನುತ್ತಾನೆ. ಯಾಕೆ ಎಂಬುದಕ್ಕೆ ನನ್ನಲ್ಲಿ ಇದ್ದದ್ದು ಒಂದೇ ಉತ್ತರ. ಸುಮ್ಮನೆ ತಲೆಯಾಡಿಸಿ ಬಂದೆ.

ಸಂಜೆ ಬೀರಪ್ಪ ನನ್ನ ಹೊಲದಲ್ಲಿ ಬಲೆ ಕಟ್ಟಿ ನೀರಿಗೆ ಹೋದದ್ದೇ ತಡ, ನಾನು ಗೂಟ ಕಿತ್ತು ಮಂದೆಯನ್ನು ಅಣ್ಣನ ಮೊರಡಿಗೆ ಹೊಡೆಯತೊಡಗಿದೆ. ಪಾಪಕ್ಕೆ ಇಳಿಜಾರಿನಲ್ಲಿ ಇಳಿದ ಕುರಿಗಳು ಪ್ರಾಯಶ್ಚಿತ್ತಕ್ಕೆ ಏರು ಹತ್ತಲು ಒಪ್ಪಲಿಲ್ಲ. ಮುಂದಾಳು ಟಗರಿನ ಕೊಂಬು ಹಿಡಿದು ಎಳೆಯುತ್ತಿದ್ದೆ, ಅದು ನನ್ನನ್ನು ಎಳೆಯುತ್ತಿತ್ತು. ಹಿಂದೆ ಯಾರೋ ಕೆಮ್ಮಿದರು. ಬೀರಪ್ಪನಿಗೆಂದು ತಂದ ರೊಟ್ಟಿ ಗಂಟು ಹಿಡಿದು ಅಣ್ಣ ಒಡ್ಡಿನ ಮೇಲೆ ನಿಂತಿದ್ದ.

"ಹೋದ ವರ್ಷ ಮ್ಯಾಲಿಂದ ಕೆಳಗ ತಂದಿ, ಈ ವರ್ಷ ಕೆಳಗಿಂದ ಮ್ಯಾಲ ಹೊಡೀತಿ. ಕುರಿಗಾದ್ರೂ ಒಂದ ಕಡಿ ನಿದ್ದಿ ಮಾಡಾಕ ಬಿಡಲೇ."

ಟಗರಿನ ಕೊಂಬು ಬಿಟ್ಟೆ. ನಿನಗೆ ಗೊತ್ತಿತ್ತಾ ಎಂದು ಕೇಳಿದೆ.

"ಮುಳ್ಳು ಚುಚ್ಚಿದ್ದು ಕಾಲಿಗೆ, ಮೂಗಿಗಲ್ಲ" ಅಂದು, ನನ್ನ ಜೊತೆ ಗೂಟ ನೆಡಲು ಕೂತ. ಒಡ್ಡಿನ ಆಚೆ ಅರ್ಧ, ಈಚೆ ಅರ್ಧ ಬಲೆ ಕಟ್ಟಿದೆವು.

ಅಂದಿನಿಂದ ಪ್ರತಿ ಬೇಸಿಗೆಯೂ ಮಂದೆಯ ಉಸ್ತುವಾರಿ ನನ್ನದೇ. ಬೇರೆ ಯಾರಿಗಾದರೂ ಒಪ್ಪಿಸು ಎಂದರೆ ಅಣ್ಣ ಕೇಳುವುದಿಲ್ಲ. ಕುರಿ ಎಲ್ಲಿ ಮಲಗಿದರೆ ಏನಾಗುತ್ತದೆಂದು ನನ್ನಷ್ಟು ತಿಳಿದವರು ಊರಲ್ಲಿ ಇನ್ನೊಬ್ಬರಿಲ್ಲವಂತೆ. ಅವನು ಮನೆಯಲ್ಲಿ ಗೊರಕೆ ಹೊಡೆಯುತ್ತಾನೆ, ಕುರಿಗಳು ಹೊಲದಲ್ಲಿ ಸಂಬಳದ ನಿದ್ದೆ ಮಾಡುತ್ತವೆ. ಒಡ್ಡಿನ ಮೇಲೆ ಕೂತು, ಒಂದು ಮರಿಯೂ ನನ್ನ ಕಡೆ ಹೆಚ್ಚಿಗೆ ಹೊರಳದಂತೆ ಕಾಯುವವನು ನಾನೊಬ್ಬನೇ.