ಮಫ್ತಿಯವರಿಗೆ ಕಾಫಿ

ಗುಟ್ಟು ಇಟ್ಟುಕೊಳ್ಳುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಹೊಟ್ಟೆಯಲ್ಲಿ ಗುಟ್ಟಿದ್ದರೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಅಂಥ ನನ್ನ ಹೊಟ್ಟೆಗೇ ಸರ್ಕಾರ ತನ್ನದೊಂದು ಗುಟ್ಟನ್ನು ತಂದು ಹಾಕಿತು. ದೇಶದ ಭದ್ರತೆಗೆ ಬೇರೆ ಹೊಟ್ಟೆಗಳು ಸಿಗಲಿಲ್ಲವೋ ಏನೋ.

ಆಗ ನಾನು ಹಾರೋಹಳ್ಳಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್, ಮನೆ ರಾಮನಗರದಲ್ಲಿ. ದೂರದ ಯಾವುದೋ ಊರಿನಲ್ಲಿ ಬಾಂಬ್ ಸಿಡಿದ ಸುದ್ದಿ ಟೀವಿಯಲ್ಲಿ ಇನ್ನೂ ಬರುತ್ತಿದ್ದಾಗ, ಒಂದು ಭಾನುವಾರ ಮಫ್ತಿಯಲ್ಲಿದ್ದ ಪೊಲೀಸರೊಬ್ಬರು ಬಂದು ನಮ್ಮ ಜಗುಲಿಯ ಮೇಲೆ ಕೂತರು. ಮಫ್ತಿ ಎಂದರೆ ಮೇಲೆ ಚೌಕಳಿ ಅಂಗಿ, ಕೆಳಗೆ ಇಲಾಖೆಯದೇ ಕಂದು ಬೂಟು. ನಮ್ಮ ಬೀದಿಯ ನಾಯಿಗಳಿಗೂ ಗುರುತು ಸಿಕ್ಕಿತ್ತು. ಪಕ್ಕದ ಮನೆಯ ಇಕ್ಬಾಲ್ ಸಾಬರ ಮೇಲೆ ಒಂದು ಕಣ್ಣಿಡಿ, ಯಾರು ಬರುತ್ತಾರೆ, ಏನು ಕಾಯಿಸುತ್ತಾರೆ ಎಲ್ಲ ನೋಡಿಕೊಳ್ಳಿ ಎಂದರು. ಯಾಕೆ ಎಂದು ಕೇಳಿದೆ. "ಅದು ಮೇಲಿನೋರಿಗೇ ಗೊತ್ತು ಸಾರ್. ನಮ್ಗೂ ಹೇಳಾಕಿಲ್ಲ. ನೀವೂ ಯಾರ್ಗೂ ಹೇಳ್ಬ್ಯಾಡಿ," ಎಂದು ಎರಡನೆಯ ಲೋಟ ಕಾಫಿ ಮುಗಿಸಿ ಹೋದರು. ಆಮೇಲೆ ಪ್ರತಿ ಭಾನುವಾರವೂ ಬರತೊಡಗಿದರು.

ಇಕ್ಬಾಲ್ ಸಾಬರು ಕಾಯಿಸುವುದು ನೀರು, ಅದರಲ್ಲಿ ಬೇಯಿಸುವುದು ರೇಷ್ಮೆಗೂಡು. ಹಿತ್ತಲ ಶೆಡ್ಡಿನಲ್ಲಿ ನೂಲು ತೆಗೆಯುವುದು ಅವರ ತಂದೆಯ ಕಾಲದ ಕಸುಬು. ಬೆಂದ ಹುಳುವಿನ ಆ ವಾಸನೆಯಲ್ಲೇ ನನ್ನ ಮಕ್ಕಳು ಬೆಳೆದರು. ಆದರೆ ಅಂದಿನಿಂದ ಅದೇ ವಾಸನೆ ಏನೋ ಬೇರೆ ಅನ್ನಿಸತೊಡಗಿತು. ಗೂಡಿನ ಮೂಟೆ ಇಳಿದರೆ ಕಿಟಕಿಗೆ ಹೋಗುತ್ತಿದ್ದೆ, ನೆಂಟರು ಬಂದರೆ ಕಿಟಕಿಗೆ ಹೋಗುತ್ತಿದ್ದೆ. ಕತ್ತು ಉಳುಕಿತೇ ಹೊರತು ದೇಶಕ್ಕೆ ಮೂರು ಕಾಸಿನ ಉಪಕಾರವಾಗಲಿಲ್ಲ. ಸಾಬರೂ ಅದೇಕೋ ಕಾಂಪೌಂಡಿನ ಬಳಿ ನಿಂತು ಮಾತಾಡುವುದನ್ನು ಬಿಟ್ಟರು. ನನ್ನ ಅನುಮಾನ ಇನ್ನಷ್ಟು ಬಲಿಯಿತು.

ಪೇಚಿಗೆ ಸಿಕ್ಕಿಸಿದ್ದು ಒಂದು ಡಬ್ಬಿ. ರಂಜಾನಿಗೆ ಶೀರ್‌ಖುರ್ಮಾ ಪಾಯಸ ತುಂಬಿಕೊಂಡು ಬಂದಿದ್ದ ಅವರ ಸ್ಟೀಲ್ ಡಬ್ಬಿ ನಮ್ಮಲ್ಲೇ ಉಳಿದಿತ್ತು. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು. ತುಂಬಿಸಿ ಕಳಿಸಲು ನಾನೇ ಹೆಂಡತಿಯನ್ನು ಬಿಟ್ಟಿರಲಿಲ್ಲ. ಕಾರಣ ಹೇಳುವಂತೆಯೂ ಇರಲಿಲ್ಲ. ಅವರೆಕಾಯಿ ಕಾಲ ಬಂತು. ಒಂದು ಭಾನುವಾರ, ಮಫ್ತಿಯವರು ಕಾಫಿ ಕುಡಿದು ಹೋದ ಮೇಲೆ, ಎಂದಿನಂತೆ ತರಕಾರಿ ಚೀಲ ಹಿಡಿದು ಹೊರಟವನನ್ನು ಅವಳು ಅಡ್ಡಗಟ್ಟಿದಳು. "ಇಪ್ಪತ್ ವರ್ಷದಿಂದ ಈ ಗೋಡೆ ಮ್ಯಾಲೆ ಪಾತ್ರೆ ಓಡಾಡವೆ. ನೀವೇ ಹೋಗಿ ಕೊಟ್ಬುಟ್ ಬನ್ನಿ," ಎಂದು ಹಿತಕಿದ ಬೇಳೆ ಸಾರು ತುಂಬಿದ ಡಬ್ಬಿಯನ್ನು ಕೈಗಿಟ್ಟಳು.

ಹೋಗಿ ನೋಡಿದರೆ ಸಾಬರ ವರಾಂಡದಲ್ಲಿ ಕಂದು ಬೂಟು. ನಮ್ಮ ಮಫ್ತಿಯವರೇ, ಕೈಯಲ್ಲಿ ಚಹಾ. ನನ್ನನ್ನು ಕಂಡದ್ದೇ ಗುರುತಿಲ್ಲದವರಂತೆ ವಾಚು ನೋಡಿಕೊಂಡು ಎದ್ದು ಹೋದರು. ನಾನು ಡಬ್ಬಿಯನ್ನು ಸಾಬರ ಕೈಗೆ ಕೊಟ್ಟೆ. ಸಾಬರೇ ಬಾಯಿಬಿಟ್ಟರು. ಪ್ರತಿ ಭಾನುವಾರ ನಾನು ತರಕಾರಿಗೆ ಹೋದ ಮೇಲೆ ಈ ಮಫ್ತಿಯವರು ಅಲ್ಲಿಗೆ ಬರುತ್ತಿದ್ದರಂತೆ. ಬಣ್ಣದ ಕಾರ್ಖಾನೆಯವನು ಮನೆಗೆ ಕೆಮಿಕಲ್ ತರುತ್ತಾನೆಯೇ ಎಂದು ವಿಚಾರಿಸುತ್ತಿದ್ದರಂತೆ. ಯಾರಿಗೂ ಹೇಳಬೇಡಿ ಎಂದಿದ್ದರಂತೆ.

ನನಗೆ ಸಿಟ್ಟೂ ಬರಲಿಲ್ಲ, ನಗುವೂ ಬರಲಿಲ್ಲ, ಸುಸ್ತಾಯಿತು. ಇಷ್ಟು ದಿನ ಒಬ್ಬರನ್ನೊಬ್ಬರು ಕಳ್ಳರಂತೆ ನೋಡಿದೆವಲ್ಲ. ನನ್ನ ಬಗ್ಗೆ ಏನು ಹೇಳಿದಿರಿ ಎಂದು ಮೆಲ್ಲಗೆ ಕೇಳಿದೆ.

ಸಾಬರು ಡಬ್ಬಿಯ ಮುಚ್ಚಳ ತೆಗೆದು ಮೂಸಿ, "ಒಳ್ಳೆ ಮನ್ಸ, ಕೆಮಿಕಲ್ ಗಿಮಿಕಲ್ ಏನೂ ಇಲ್ಲ ಅಂದೆ ಸಾರ್," ಎಂದರು. "ಆದ್ರೆ ಈಚೀಚೆಗೆ ಹೊತ್ತಿಲ್ಲ ಗೊತ್ತಿಲ್ಲ, ಕಿಟಕೀಲಿ ಇಣುಕ್ತಾ ಇರ್ತಾರೆ, ಅದೊಂದೇ ಒಸಿ ಅನುಮಾನ ಅಂದೆ. ಅವ್ರು ಅದನ್ನೇ ಮೇಲಕ್ ಕಳ್ಸವ್ರಂತೆ."

ಮನೆಗೆ ಬಂದವನೇ ಕಿಟಕಿ ಮುಚ್ಚಿದೆ. ಇದ್ದಕ್ಕಿದ್ದಂತೆ ಮುಚ್ಚಿದ್ದೇಕೆ ಎಂದು ಮುಂದಿನ ಭಾನುವಾರ ಪ್ರಶ್ನೆ ಬರುತ್ತದಲ್ಲ ಎಂದು ಹೊಳೆದು, ಮತ್ತೆ ತೆಗೆದೆ. ಆಮೇಲೆ ಕುರ್ಚಿಯನ್ನು ತಿರುಗಿಸಿ, ಮೇಲಿನವರಿಗೆಲ್ಲ ಚೆನ್ನಾಗಿ ಕಾಣುವ ಹಾಗೆ, ಕಿಟಕಿಗೆ ಬೆನ್ನು ಹಾಕಿ ಕೂತೆ.